ವಿದೇಶ ಪ್ರವಾಸ: ರಸ್ತೆಯೋ, ರೈಲೋ, ವಿಮಾನವೋ?

ವಿದೇಶ ಪ್ರವಾಸವು ಈಗ ಮಹಾನಗರಗಳ ಸ್ಥಿತಿವಂತರಿಗೆ ಮಾತ್ರ ಮೀಸಲಾಗಿ ಉಳಿದಿಲ್ಲ. ಸವಣೂರಿನಂತಹ ತಾಲ್ಲೂಕು ಕೇಂದ್ರದಲ್ಲಿಯೂ ನಿವೃತ್ತ ಉಪನ್ಯಾಸಕರು, ಬ್ಯಾಂಕ್ ಅಧಿಕಾರಿಗಳು, ವೀಳ್ಯದೆಲೆ ವ್ಯಾಪಾರದಲ್ಲಿ ನಾಲ್ಕು ಕಾಸು ಕಂಡವರು, ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ಮಕ್ಕಳ ತಂದೆತಾಯಿಗಳು ಪಾಸ್‌ಪೋರ್ಟ್ ಮಾಡಿಸಿಟ್ಟುಕೊಂಡಿದ್ದಾರೆ. ರಿಸರ್ವ್ ಬ್ಯಾಂಕಿನ ಲೆಕ್ಕದಂತೆ, ಉದಾರೀಕೃತ ಹಣ ರವಾನೆ ಯೋಜನೆಯಡಿ 2024-25ರಲ್ಲಿ ಭಾರತದ ನಿವಾಸಿಗಳು ಹೊರದೇಶಗಳಿಗೆ ಕಳುಹಿಸಿದ ಸುಮಾರು 29.5 ಶತಕೋಟಿ ಡಾಲರ್‌ಗಳಲ್ಲಿ ಪ್ರವಾಸದ ಬಾಬ್ತೇ ಸುಮಾರು 17 ಶತಕೋಟಿ. ಮಕ್ಕಳ ವಿದೇಶಿ ವ್ಯಾಸಂಗಕ್ಕಿಂತಲೂ, ಹೊರಗಿನ ಬಂಧುಗಳ ನಿರ್ವಹಣೆಗಿಂತಲೂ ಇದು ಬಹಳ ದೊಡ್ಡ ಮೊತ್ತ.

ಸರ್ಕಾರಿ ಸೇವೆಯಿಂದ ನಿವೃತ್ತನಾಗಿ ಊರಿಗೆ ಮರಳಿದ ಮೇಲೆ, ಇಂತಹ ಪ್ರವಾಸಕ್ಕೆ ಅಣಿಯಾಗುವವರು ನನ್ನಲ್ಲಿಗೆ ಸಲಹೆಗೆ ಬರುವುದುಂಟು. ಅವರ ಪ್ರಶ್ನೆಗಳು ಸಾಮಾನ್ಯವಾಗಿ ಮೂರು: ಯಾವ ದೇಶ, ಎಷ್ಟು ದಿನ, ಎಷ್ಟು ಖರ್ಚು? ಅಲ್ಲಿಗೆ ತಲುಪಿದ ಬಳಿಕ ಒಂದು ಊರಿನಿಂದ ಮತ್ತೊಂದು ಊರಿಗೆ ಯಾವ ವಾಹನದಲ್ಲಿ ಹೋಗಬೇಕು ಎಂಬ ನಾಲ್ಕನೆಯ ಪ್ರಶ್ನೆಯನ್ನು ಕೇಳಿದವರು ವಿರಳ. ಅದನ್ನು ಪ್ರವಾಸ ಸಂಸ್ಥೆಗೋ ಮಕ್ಕಳಿಗೋ ಬಿಟ್ಟುಬಿಡುತ್ತಾರೆ. ಆದರೆ ಹದಿನೈದು ದಿನಗಳಲ್ಲಿ ಐದಾರು ಊರು ನೋಡುವ ಪ್ರವಾಸದಲ್ಲಿ ಎಚ್ಚರದ ಹೊತ್ತಿನ ದೊಡ್ಡ ಪಾಲು ಕಳೆಯುವುದು ವಾಹನದಲ್ಲಿ ಅಥವಾ ವಾಹನಕ್ಕಾಗಿ ಕಾಯುವುದರಲ್ಲಿ. ಹೋಟೆಲಿಗೆ ಎಷ್ಟು ನಕ್ಷತ್ರ ಎಂದು ವಿಚಾರಿಸುವವರು ಈ ಭಾಗವನ್ನು ಉಪೇಕ್ಷಿಸುವುದು ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ವಿಚಿತ್ರವಾಗಿ ಕಂಡಿದೆ.

ಟಿಕೆಟಿನ ಬೆಲೆ, ಪೂರ್ಣ ಬೆಲೆ

ಯಾವುದೇ ಪ್ರಯಾಣದ ನಿಜವಾದ ಬೆಲೆ ಟಿಕೆಟಿನ ಮೇಲೆ ಮುದ್ರಿತವಾಗಿರುವುದಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1965ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ನಾವು ಕೊಳ್ಳುವ ಪ್ರತಿಯೊಂದು ಸೌಲಭ್ಯಕ್ಕೂ ಹಣದ ಜೊತೆಗೆ ಸಮಯವನ್ನೂ ತೆರುತ್ತೇವೆಂದು, ಎರಡನ್ನೂ ಕೂಡಿಸಿದರೆ ಮಾತ್ರ ಪೂರ್ಣ ಬೆಲೆ ತಿಳಿಯುತ್ತದೆಂದು ತೋರಿಸಿದರು. ಸ್ವೀಡನ್ನಿನ ಸ್ಟಾಫನ್ ಲಿಂಡರ್ 1970ರಲ್ಲಿ ಇದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರು. ಆದಾಯ ಹೆಚ್ಚಿದಂತೆ ಸಮಯ ದುಬಾರಿಯಾಗುತ್ತದೆ. ಆದ್ದರಿಂದ ಉಳ್ಳವರ ವಿರಾಮವೂ ಅವಸರದ ವಿರಾಮವಾಗಿಬಿಡುತ್ತದೆ ಎಂಬುದು ಅವರ ವಾದ. ಒಂದೇ ವಾರದಲ್ಲಿ ಐದು ರಾಜಧಾನಿಗಳನ್ನು ಮುಗಿಸುವ ಪ್ರವಾಸಗಳನ್ನು ನೋಡಿದರೆ ಲಿಂಡರರ ಮಾತು ಸುಳ್ಳಾಗಿಲ್ಲ.

ವೃತ್ತಿನಿರತನಾದವನಿಗೆ ರಜೆಯ ಒಂದೊಂದು ದಿನವೂ ಅಮೂಲ್ಯ. ಅವನು ವೇಗಕ್ಕೆ ಹಣ ಕೊಡುವುದರಲ್ಲಿ ಅರ್ಥವಿದೆ. ನಿವೃತ್ತರ ಲೆಕ್ಕ ಬೇರೆ. ನಮಗೆ ಹದಿನೈದು ದಿನಗಳ ಬದಲು ಹದಿನೆಂಟು ದಿನ ತೆಗೆದುಕೊಳ್ಳಲು ಯಾರ ಮಂಜೂರಾತಿಯೂ ಬೇಕಿಲ್ಲ. ಉಪದಾನ, ಭವಿಷ್ಯನಿಧಿ, ಪಿಂಚಣಿಗಳಿಂದ ಕೂಡಿಟ್ಟ ಹಣವೂ ಮಿತವಾಗಿಯಾದರೂ ಇರುತ್ತದೆ. ಆದರೆ ಎಷ್ಟು ಹಣ ಕೊಟ್ಟರೂ ಅಂಗಡಿಯಲ್ಲಿ ಸಿಗದ ವಸ್ತುವೊಂದುಂಟು. ಅದು ಮೊಣಕಾಲಿನ, ಬೆನ್ನಿನ, ನಿದ್ರೆಯ ಬಲ. ಅರವತ್ತು ದಾಟಿದವರ ಪ್ರವಾಸದಲ್ಲಿ ಅತ್ಯಂತ ವಿರಳವಾದ ಸಂಪನ್ಮೂಲವೆಂದರೆ ದೇಹಶಕ್ತಿ. ವಿರಳವಾದುದನ್ನು ಉಳಿಸಬೇಕೆಂಬುದು ನಮ್ಮ ಶಾಸ್ತ್ರದ ಮೊದಲ ಪಾಠ. ಹೀಗಾಗಿ ಯಾವ ವಾಹನ ಎಷ್ಟು ಗಂಟೆ ಉಳಿಸುತ್ತದೆ ಎಂಬುದಕ್ಕಿಂತ, ಯಾವುದು ನಮ್ಮ ಶಕ್ತಿಯನ್ನು ಕಡಿಮೆ ಖರ್ಚು ಮಾಡುತ್ತದೆ, ಹಾಗೂ ಪ್ರಯಾಣದ ಹೊತ್ತನ್ನೇ ಪ್ರವಾಸದ ಭಾಗವಾಗಿ ಹಿಂದಿರುಗಿಸುತ್ತದೆ ಎಂಬುದನ್ನು ಅಳೆಯಬೇಕು.

ನಮ್ಮ ಊರಿಗೂ ದೂರದ ಪ್ರಯಾಣಕ್ಕೂ ಇರುವ ನಂಟು ಹಳೆಯದು. ಇಲ್ಲಿನ ಮಠದ ಆವರಣದಲ್ಲಿರುವ ದೊಡ್ಡ ಹುಣಸೆ ಮರಗಳ ತವರು ಆಫ್ರಿಕಾ. 1909ರಲ್ಲಿ ಸವಣೂರಿನಲ್ಲಿ ಜನಿಸಿದ ವಿನಾಯಕ ಕೃಷ್ಣ ಗೋಕಾಕರು 1930ರ ದಶಕದಲ್ಲಿ ಉನ್ನತ ವ್ಯಾಸಂಗಕ್ಕೆಂದು ಆಕ್ಸ್‌ಫರ್ಡಿಗೆ ಹೋದದ್ದು ಹಡಗಿನಲ್ಲಿ. ಮುಂಬಯಿಯಿಂದ ಸೂಯೆಜ್ ಕಾಲುವೆಯ ಮಾರ್ಗವಾಗಿ ಇಂಗ್ಲೆಂಡ್ ತಲುಪಲು ಆಗ ವಾರಗಟ್ಟಲೆ ಹಿಡಿಯುತ್ತಿತ್ತು. ಆ ಕಡಲಯಾನದ ಅನುಭವದಿಂದ ಕನ್ನಡಕ್ಕೆ ‘ಸಮುದ್ರ ಗೀತೆಗಳು’ ಎಂಬ ಕವನ ಸಂಕಲನ ದೊರಕಿತು. ಈಗ ಬೆಂಗಳೂರಿನಿಂದ ಲಂಡನ್ನಿಗೆ ಹತ್ತು-ಹನ್ನೊಂದು ಗಂಟೆಗಳ ನೇರ ವಿಮಾನವಿದೆ. ಎಲ್ಲರೂ ಹಡಗಿನಲ್ಲೇ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಹೇಳಿದರೂ ಅಂತಹ ಹಡಗುಗಳಿಲ್ಲ. ಆದರೆ ದಾರಿಯೂ ಪ್ರವಾಸಿಗೆ ಏನನ್ನಾದರೂ ಕೊಡಬಲ್ಲದು ಎಂಬುದನ್ನು ಸವಣೂರಿನವರು ಮರೆಯಬಾರದು.

ವಿಮಾನ: ಎಲ್ಲಿ ಅನಿವಾರ್ಯ, ಎಲ್ಲಿ ಅನವಶ್ಯಕ

ಭಾರತದಿಂದ ಯುರೋಪಿಗೋ ಜಪಾನಿಗೋ ಹೋಗಲು ವಿಮಾನಕ್ಕೆ ಪರ್ಯಾಯವಿಲ್ಲ. ಆ ಮಾತು ಬೇರೆ. ಆದರೆ ನಮ್ಮ ಭಾಗದವರ ವಿಮಾನಯಾನ ಆರಂಭವಾಗುವುದು ದೇವನಹಳ್ಳಿಯಲ್ಲಲ್ಲ, ಮನೆಯ ಹೊಸ್ತಿಲಲ್ಲಿ. ಸವಣೂರಿನಿಂದ ಬೆಂಗಳೂರಿಗೆ ಸುಮಾರು 360 ಕಿಲೋಮೀಟರ್. ಯುರೋಪಿನ ಅನೇಕ ವಿಮಾನಗಳು ಹೊರಡುವುದು ನಡುರಾತ್ರಿಯಲ್ಲಿ ಅಥವಾ ಬೆಳಗಿನ ಜಾವ. ಆದ್ದರಿಂದ ಜನ ಮಧ್ಯಾಹ್ನ ಬಾಡಿಗೆ ಕಾರಿನಲ್ಲಿ ಹೊರಟು, ಹೆದ್ದಾರಿಯಲ್ಲಿ ಆರೇಳು ಗಂಟೆ ಕುಳಿತು, ಬೆಂಗಳೂರಿನ ವಾಹನ ದಟ್ಟಣೆಯನ್ನು ದಾಟಿ, ನಿಲ್ದಾಣದಲ್ಲಿ ಮೂರು ಗಂಟೆ ಕಾದು, ಆಮೇಲೆ ಹತ್ತು ಗಂಟೆ ಇಕ್ಕಟ್ಟಾದ ಆಸನದಲ್ಲಿ ಕುಳಿತಿರುತ್ತಾರೆ. ಲಂಡನ್ನಿನಲ್ಲೋ ಪ್ಯಾರಿಸಿನಲ್ಲೋ ಇಳಿಯುವ ವೇಳೆಗೆ ಇಪ್ಪತ್ತು ಗಂಟೆಗೂ ಮಿಕ್ಕಿ ಬೆನ್ನು ಚಾಚಿರುವುದಿಲ್ಲ. ಮೊದಲ ಎರಡು ದಿನಗಳು ಇದರ ದಂಡವಾಗಿ ಸಲ್ಲುತ್ತವೆ.

ಇದಕ್ಕೆ ಪರಿಹಾರ ದುಬಾರಿಯೇನಲ್ಲ. ಹುಬ್ಬಳ್ಳಿ ಇಲ್ಲಿಂದ ಒಂದೂವರೆ ಗಂಟೆಯ ದಾರಿ. 2023ರ ಜೂನ್‌ನಲ್ಲಿ ಆರಂಭವಾದ ಧಾರವಾಡ-ಬೆಂಗಳೂರು ವಂದೇ ಭಾರತ್ ರೈಲು ಹುಬ್ಬಳ್ಳಿಯಲ್ಲಿ ನಿಲ್ಲುತ್ತದೆ. ಇಲ್ಲವೆಂದರೆ ನಮ್ಮದೇ ತಾಲ್ಲೂಕಿನ ಯಲವಿಗಿ ನಿಲ್ದಾಣ ಅದೇ ಮಾರ್ಗದಲ್ಲಿದೆ. ಒಂದು ದಿನ ಮುಂಚಿತವಾಗಿ ರೈಲಿನಲ್ಲಿ ಹೋಗಿ, ಬೆಂಗಳೂರಿನಲ್ಲಿ ಒಂದು ರಾತ್ರಿ ನಿದ್ರಿಸಿ ಹೊರಟರೆ ಪ್ರವಾಸದ ಎರಡು ದಿನಗಳನ್ನು ಉಳಿಸಿದಂತೆ. ಹಣವಿದ್ದವರು ಐಷಾರಾಮಕ್ಕೆಂದು ಒಂದೇ ಕಡೆ ಧಾರಾಳವಾಗಿ ಖರ್ಚು ಮಾಡಲು ಬಯಸಿದರೆ, ಈ ದೀರ್ಘ ರಾತ್ರಿಯ ವಿಮಾನದ ಮಲಗುವ ಆಸನಕ್ಕೆ ಮಾಡಲಿ ಎಂದೇ ನಾನು ಹೇಳುತ್ತೇನೆ. ಅದು ಸಾಮಾನ್ಯ ದರ್ಜೆಯ ಹಲವು ಪಟ್ಟು ದುಬಾರಿ ಎಂಬುದು ನಿಜ. ಅದು ಸಾಧ್ಯವಿಲ್ಲದವರು ಕೊಲ್ಲಿ ದೇಶಗಳ ಯಾವುದಾದರೂ ನಗರದಲ್ಲಿ ಒಂದು ರಾತ್ರಿ ತಂಗಿ ಪ್ರಯಾಣವನ್ನು ಎರಡಾಗಿ ಒಡೆಯಬಹುದು.

ತಲುಪಿದ ಮೇಲಿನ ವಿಮಾನಯಾನದ ಕಥೆ ಬೇರೆ. ಪ್ಯಾರಿಸಿನಿಂದ ಜೂರಿಕ್‌ಗೆ ವಿಮಾನ ಹಾರುವುದು ಒಂದು ಗಂಟೆ ಇಪ್ಪತ್ತು ನಿಮಿಷ. ನೇರ ರೈಲಿಗೆ ಸುಮಾರು ನಾಲ್ಕು ಗಂಟೆ. ಇಷ್ಟನ್ನೇ ನೋಡಿದವರು ವಿಮಾನಕ್ಕೆ ಒಲಿಯುತ್ತಾರೆ. ಈಗ ಹೋಟೆಲಿನ ಬಾಗಿಲಿನಿಂದ ಹೋಟೆಲಿನ ಬಾಗಿಲಿಗೆ ಲೆಕ್ಕ ಹಾಕಿ. ನಗರದಿಂದ ವಿಮಾನ ನಿಲ್ದಾಣಕ್ಕೆ ಒಂದು ಗಂಟೆ, ಮುಂಚಿತವಾಗಿ ಹಾಜರಿರಲು ಎರಡು ಗಂಟೆ, ಹಾರಾಟ ಒಂದು ಗಂಟೆ ಇಪ್ಪತ್ತು ನಿಮಿಷ, ಸಾಮಾನಿಗಾಗಿ ನಲವತ್ತು ನಿಮಿಷ, ಅಲ್ಲಿಂದ ಊರೊಳಗೆ ಅರ್ಧ ಗಂಟೆ: ಒಟ್ಟು ಐದೂವರೆ ಗಂಟೆ. ರೈಲಿಗೆ, ನಿಲ್ದಾಣ ತಲುಪಲು ಅರ್ಧ ಗಂಟೆ, ಕಾಯುವುದು ಅರ್ಧ ಗಂಟೆ, ಪ್ರಯಾಣ ನಾಲ್ಕು ಗಂಟೆ, ನಿಲ್ದಾಣದಿಂದ ಹೋಟೆಲಿಗೆ ಹದಿನೈದು ನಿಮಿಷ: ಐದು ಗಂಟೆ ಹದಿನೈದು ನಿಮಿಷ. ಸಮಯ ಹೆಚ್ಚುಕಡಿಮೆ ಸಮ. ಆದರೆ ರೈಲಿನಲ್ಲಿ ನಾಲ್ಕು ಗಂಟೆ ನಿರಾತಂಕವಾಗಿ ಕಿಟಕಿಯ ಬಳಿ ಕುಳಿತಿರುತ್ತೀರಿ. ವಿಮಾನದ ಐದೂವರೆ ಗಂಟೆಗಳಲ್ಲಿ ಒಂದೇ ಕಡೆ ನೆಮ್ಮದಿಯಾಗಿ ಕುಳಿತ ಹೊತ್ತು ಒಂದು ಗಂಟೆಯೂ ಆಗದು. ಉಳಿದದ್ದೆಲ್ಲ ಸಾಲು, ತಪಾಸಣೆ, ಬೆಲ್ಟು ಬಿಚ್ಚುವುದು, ಬೂಟು ಬಿಚ್ಚುವುದು, ಉದ್ದನೆಯ ಮೊಗಸಾಲೆಗಳಲ್ಲಿ ನಡೆಯುವುದು.

ಇದು ನಮ್ಮಂತಹ ಪ್ರವಾಸಿಗಳ ಅನುಕೂಲದ ಪ್ರಶ್ನೆ ಮಾತ್ರವಲ್ಲ. ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ತಲುಪಬಹುದಾದ ಕೆಲವು ದೇಶೀಯ ಮಾರ್ಗಗಳಲ್ಲಿ ಫ್ರಾನ್ಸ್ ಸರ್ಕಾರ 2023ರಲ್ಲಿ ವಿಮಾನ ಹಾರಾಟವನ್ನೇ ನಿಷೇಧಿಸಿತು. ಪ್ಯಾರಿಸಿನ ಓರ್ಲಿ ನಿಲ್ದಾಣದಿಂದ ನಾಂತ್, ಲಿಯೋನ್, ಬೋರ್ಡೊಗಳಿಗೆ ಹೋಗುವ ಮಾರ್ಗಗಳು ಇದರಲ್ಲಿ ಸೇರಿವೆ. ಇಂಗಾಲದ ಹೊರಸೂಸುವಿಕೆಯನ್ನು ತಗ್ಗಿಸುವುದು ಅದರ ಉದ್ದೇಶ. ಹೀಗಿರುವಾಗ, ಸಾವಿರಾರು ಮೈಲಿಗಳಾಚೆಯಿಂದ ಹಾರಿ ಹೋದವರು ಅಲ್ಲಿಯೂ ಇನ್ನೂರು ಮುನ್ನೂರು ಮೈಲಿಗೆ ವಿಮಾನ ಹತ್ತಬೇಕೇ ಎಂಬುದನ್ನು ಯೋಚಿಸಬೇಕು.

ಆದರೂ ವಿಮಾನದ ಪರವಾಗಿ ಎರಡು ಮಾತು ಹೇಳಲೇಬೇಕು. ಸಾವಿರ ಕಿಲೋಮೀಟರ್ ಮೀರಿದ ದೂರಕ್ಕೆ, ಅಥವಾ ನಡುವೆ ಸಮುದ್ರ ಅಡ್ಡವಿದ್ದರೆ, ಅದೇ ಸರಿ. ಅಲ್ಲದೆ ನಡೆಯಲು ಕಷ್ಟವಿರುವವರಿಗೆ ವಿಮಾನ ನಿಲ್ದಾಣಗಳಲ್ಲಿ ದೊರೆಯುವ ಗಾಲಿಕುರ್ಚಿಯ ನೆರವು ದೊಡ್ಡ ಉಪಕಾರ. ಟಿಕೆಟ್ ಕಾಯ್ದಿರಿಸುವಾಗಲೇ ಅದನ್ನು ಕೋರಬೇಕು. ಸಂಕೋಚದಿಂದ ಕೇಳದೆ ಕುಂಟುತ್ತ ನಡೆಯುವವರು ನಮ್ಮಲ್ಲಿ ಹೆಚ್ಚು.

ರೈಲು: ನಿಧಾನಕ್ಕೂ ಬೆಲೆಯುಂಟು

ಯುರೋಪಿನ ಹಾಗೂ ಜಪಾನಿನ ರೈಲಿನ ದೊಡ್ಡ ಗುಣ ವೇಗವಲ್ಲ. ಅದು ಊರಿನ ಹೃದಯದಿಂದ ಹೊರಟು ಇನ್ನೊಂದು ಊರಿನ ಹೃದಯವನ್ನು ತಲುಪುತ್ತದೆ. ಲಂಡನ್ನಿನಿಂದ ಪ್ಯಾರಿಸಿಗೆ, 1994ರಲ್ಲಿ ತೆರೆದ ಕಡಲ ಸುರಂಗದ ಮೂಲಕ, ಯೂರೋಸ್ಟಾರ್ ರೈಲು ಸುಮಾರು ಎರಡು ಗಂಟೆ ಇಪ್ಪತ್ತು ನಿಮಿಷಗಳಲ್ಲಿ ಒಯ್ಯುತ್ತದೆ. (ಅದಕ್ಕೆ ಮಾತ್ರ ಪಾಸ್‌ಪೋರ್ಟ್ ತಪಾಸಣೆ ಇರುವುದರಿಂದ ಒಂದು ಗಂಟೆಗೂ ಮುಂಚಿತವಾಗಿ ಹೋಗಬೇಕು.) ಜೂರಿಕ್‌ನಿಂದ ಮಿಲಾನ್‌ಗೆ ಮೂರೂಕಾಲು ಗಂಟೆ, ದಾರಿಯಲ್ಲಿ ಆಲ್ಪ್ಸ್ ಪರ್ವತದ ಬುಡವನ್ನೇ ಕೊರೆದು 2016ರಲ್ಲಿ ತೆರೆದ, 57 ಕಿಲೋಮೀಟರ್ ಉದ್ದದ ಗೊಟ್ಟಾರ್ಡ್ ಸುರಂಗವಿದೆ. ಜಗತ್ತಿನ ಅತ್ಯಂತ ಉದ್ದದ ರೈಲು ಸುರಂಗವದು. ರೋಮ್‌ನಿಂದ ಫ್ಲಾರೆನ್ಸ್ ಒಂದೂವರೆ ಗಂಟೆ. ಟೋಕಿಯೊದಿಂದ ಕ್ಯೋಟೊ ಎರಡೂಕಾಲು ಗಂಟೆ. ಈ ದೂರಗಳಿಗೆ ವಿಮಾನವನ್ನು ನೆನೆಯುವುದೇ ವ್ಯರ್ಥ.

ಇನ್ನು ಐಷಾರಾಮದ ವಿಚಾರ. ಸ್ವಿಟ್ಜರ್ಲೆಂಡಿನಲ್ಲಿ ಜೆರ್ಮಾಟ್ ಮತ್ತು ಸೇಂಟ್ ಮೊರಿಟ್ಜ್ ನಡುವೆ 1930ರಿಂದ ಓಡುತ್ತಿರುವ ಗ್ಲೇಸಿಯರ್ ಎಕ್ಸ್‌ಪ್ರೆಸ್ 291 ಕಿಲೋಮೀಟರ್ ಕ್ರಮಿಸಲು ಸುಮಾರು ಎಂಟು ಗಂಟೆ ತೆಗೆದುಕೊಳ್ಳುತ್ತದೆ. ನಮ್ಮ ಪ್ಯಾಸೆಂಜರ್ ಗಾಡಿಯ ವೇಗ. ಅದರ ಮಾಲೀಕರು ಅದನ್ನು ಜಗತ್ತಿನ ಅತ್ಯಂತ ನಿಧಾನವಾದ ಎಕ್ಸ್‌ಪ್ರೆಸ್ ಎಂದು ಹೆಮ್ಮೆಯಿಂದಲೇ ಜಾಹೀರು ಮಾಡುತ್ತಾರೆ. 291 ಸೇತುವೆಗಳು, 91 ಸುರಂಗಗಳು, ಚಾವಣಿಯವರೆಗೆ ಏರಿದ ಗಾಜಿನ ಕಿಟಕಿಗಳು, ಆಸನಕ್ಕೇ ಬರುವ ಊಟ. ಅಲ್ಲಿ ನಿಧಾನವೇ ಮಾರಾಟದ ಸರಕು. ಅದಕ್ಕೆ ಜನ ಹೆಚ್ಚು ಹಣ ತೆತ್ತು, ತಿಂಗಳುಗಳ ಮುಂಚೆಯೇ ಆಸನ ಕಾಯ್ದಿರಿಸುತ್ತಾರೆ.

ನಮ್ಮ ರಾಜ್ಯದಲ್ಲಿಯೇ ಇದಕ್ಕೊಂದು ನಿದರ್ಶನವಿದೆ. ಹಂಪಿಯ ಕಲ್ಲಿನ ರಥದ ಹೆಸರು ಹೊತ್ತು 2008ರಲ್ಲಿ ಆರಂಭವಾದ ಗೋಲ್ಡನ್ ಚಾರಿಯಟ್ ರೈಲು, ಕೆಲವು ವರ್ಷ ನಿಂತುಹೋಗಿ, 2024ರ ಡಿಸೆಂಬರ್‌ನಲ್ಲಿ ಮತ್ತೆ ಹಳಿಗಿಳಿಯಿತು. ಕದಂಬ, ಹೊಯ್ಸಳ ಮೊದಲಾದ ರಾಜವಂಶಗಳ ಹೆಸರಿನ ಬೋಗಿಗಳಲ್ಲಿ ಐದು ರಾತ್ರಿಯ ಕರ್ನಾಟಕ ಪ್ರವಾಸಕ್ಕೆ ಆಗ ತಲೆಗೆ ಸುಮಾರು ನಾಲ್ಕು ಲಕ್ಷ ರೂಪಾಯಿ ದರವಿತ್ತು. ಹೊರದೇಶದ ಪ್ರವಾಸಿ ನಮ್ಮ ಹಂಪಿಯನ್ನೂ ಹಳೇಬೀಡನ್ನೂ ನಿಧಾನವಾಗಿ ನೋಡಲು ಇಷ್ಟು ಹಣ ಕೊಡುತ್ತಾನೆ. ನಾವು ಅಷ್ಟೇ ಹಣ ಕೊಟ್ಟು ಅವನ ದೇಶವನ್ನು ಓಡುತ್ತ ನೋಡಿ ಬರುತ್ತೇವೆ. ಇಬ್ಬರಲ್ಲಿ ಯಾರ ಹಣಕ್ಕೆ ಹೆಚ್ಚು ಪ್ರತಿಫಲ ದೊರೆಯಿತು ಎಂಬುದನ್ನು ಓದುಗರೇ ನಿರ್ಧರಿಸಲಿ.

ರೈಲಿನ ದೋಷಗಳನ್ನೂ ಮರೆಮಾಚಬಾರದು. ಯುರೋಪಿನ ನಿಲ್ದಾಣಗಳಲ್ಲಿ ನಮ್ಮ ಕೆಂಪಂಗಿಯ ಹಮಾಲರಿಲ್ಲ. ಸಣ್ಣ ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲದೆ ಮೆಟ್ಟಿಲು ಹತ್ತಿಳಿಯಬೇಕಾಗಬಹುದು. ಗಾಡಿ ನಿಲ್ಲುವುದು ಎರಡು ಮೂರು ನಿಮಿಷ ಮಾತ್ರ. ತಲಾ ಇಪ್ಪತ್ತಮೂರು ಕಿಲೋ ತೂಕದ ಎರಡು ಸೂಟ್‌ಕೇಸುಗಳನ್ನು ಹೊತ್ತ ವೃದ್ಧ ದಂಪತಿಗೆ ಅದು ಅಗ್ನಿಪರೀಕ್ಷೆಯೇ ಸರಿ. ಶಿಸ್ತಿಗೆ ಹೆಸರಾದ ಜರ್ಮನಿಯಲ್ಲಿ 2024ರಲ್ಲಿ ದೂರ ಪ್ರಯಾಣದ ರೈಲುಗಳ ಪೈಕಿ ಸಮಯಕ್ಕೆ ಸರಿಯಾಗಿ ತಲುಪಿದವು ಶೇಕಡ 62.5 ಮಾತ್ರ, ಆರು ನಿಮಿಷಕ್ಕಿಂತ ಕಡಿಮೆ ವಿಳಂಬವನ್ನು ಅಲ್ಲಿ ವಿಳಂಬವೆಂದೇ ಎಣಿಸುವುದಿಲ್ಲ. ಆದ್ದರಿಂದ ಜರ್ಮನಿಯಲ್ಲಿ ಗಾಡಿ ಬದಲಿಸುವ ಪ್ರಯಾಣವಿದ್ದರೆ ನಡುವೆ ಒಂದು ಗಂಟೆಯಾದರೂ ಬಿಡುವಿರಬೇಕು.

ಇವಕ್ಕೆ ಉಪಾಯಗಳಿವೆ. ಜಪಾನಿನಲ್ಲಿ ಸಾಮಾನನ್ನು ಒಂದು ಹೋಟೆಲಿನಿಂದ ಮುಂದಿನ ಊರಿನ ಹೋಟೆಲಿಗೆ ತಲುಪಿಸುವ ಸೇವೆ ಮನೆಮಾತಾಗಿದೆ. ಸ್ವಿಟ್ಜರ್ಲೆಂಡಿನಲ್ಲಿಯೂ ಸಾಮಾನನ್ನು ಮುಂದಾಗಿ ಕಳುಹಿಸುವ ವ್ಯವಸ್ಥೆಯಿದೆ. ಹೊರದೇಶದವರಿಗೆಂದೇ ಇರುವ ಸ್ವಿಸ್ ಟ್ರಾವೆಲ್ ಪಾಸ್‌ನಲ್ಲಿ ರೈಲು, ಬಸ್ಸು, ಸರೋವರದ ದೋಣಿ ಎಲ್ಲವೂ ಸೇರಿರುತ್ತವೆ. ಪ್ರತಿಸಲ ಟಿಕೆಟ್ ಕೊಳ್ಳುವ ತಾಪತ್ರಯವಿಲ್ಲ. ಜೇಬು ಅನುಮತಿಸಿದರೆ ಮೊದಲ ದರ್ಜೆಯ ಪಾಸ್ ಕೊಳ್ಳಬಹುದು. ಅದರ ಲಾಭ ಮೆತ್ತನೆಯ ಆಸನಕ್ಕಿಂತ ಹೆಚ್ಚಾಗಿ, ಗದ್ದಲವಿಲ್ಲದ ಬೋಗಿ ಹಾಗೂ ಸಾಮಾನಿಡಲು ಜಾಗ. ಎಲ್ಲಕ್ಕಿಂತ ಮಿಗಿಲಾದ ಉಪಾಯವೆಂದರೆ ಒಬ್ಬರು ಒಂದೇ ಕೈಯಲ್ಲಿ ಎತ್ತಬಹುದಾದಷ್ಟೇ ಸಾಮಾನು ಒಯ್ಯುವುದು. ಆದರೆ ಖಾರ, ಚಟ್ನಿಪುಡಿ, ಕಡಕ್ ರೊಟ್ಟಿಗಳಿಲ್ಲದೆ ಊರು ಬಿಡದ ನಮ್ಮವರಿಗೆ ಇದನ್ನು ಒಪ್ಪಿಸುವುದು ಸುಲಭವಲ್ಲ.

ರಸ್ತೆ: ತಂಡದ ಬಸ್ಸು ಮತ್ತು ಸ್ವಂತ ಕಾರು

ನಮ್ಮ ಬಹುಪಾಲು ಪ್ರವಾಸಿಗಳು ಯುರೋಪನ್ನು ನೋಡುವುದು ತಂಡದ ಬಸ್ಸಿನ ಕಿಟಕಿಯಿಂದ. ಇದನ್ನು ಹಗುರವಾಗಿ ಕಾಣುವ ಪ್ರವೃತ್ತಿ ಸುಶಿಕ್ಷಿತರಲ್ಲಿದೆ, ಅದು ಸರಿಯಲ್ಲ. ಸಾಮಾನು ಹೊರುವ ಚಿಂತೆಯಿಲ್ಲ, ಭಾಷೆಯ ತೊಡಕಿಲ್ಲ, ರಾತ್ರಿಗೆ ಅನ್ನ-ಸಾರು ಸಿಗುತ್ತದೆ, ಆರೋಗ್ಯ ಕೆಟ್ಟರೆ ನೋಡಿಕೊಳ್ಳಲು ಜೊತೆಗಾರರಿರುತ್ತಾರೆ. ಮೊದಲ ಬಾರಿಗೆ ಹೊರದೇಶ ಕಾಣುವವರಿಗೆ, ಒಂಟಿಯಾಗಿ ಹೋಗುವ ಹಿರಿಯ ಮಹಿಳೆಯರಿಗೆ ಇದಕ್ಕಿಂತ ಭದ್ರವಾದ ದಾರಿಯಿಲ್ಲ.

ದೋಷವಿರುವುದು ಬಸ್ಸಿನಲ್ಲಲ್ಲ, ಅದಕ್ಕೆ ಹೊರಿಸುವ ದೂರದಲ್ಲಿ. ಐರೋಪ್ಯ ಒಕ್ಕೂಟದ 2006ರ ನಿಯಮದಂತೆ ಚಾಲಕ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿಶ್ರಮಿಸಲೇಬೇಕು. ದಿನಕ್ಕೆ ಸಾಮಾನ್ಯವಾಗಿ ಒಂಬತ್ತು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. ಬಸ್ಸಿನಲ್ಲಿರುವ ಯಂತ್ರ ಇದನ್ನು ದಾಖಲಿಸುತ್ತದೆ, ಸಬೂಬಿಗೆ ಎಡೆಯಿಲ್ಲ. ಕಾನೂನು ಚಾಲಕನ ದಣಿವನ್ನು ಗುರುತಿಸುತ್ತದೆ. ಹಿಂದೆ ಕುಳಿತ ಎಪ್ಪತ್ತರ ಪ್ರಯಾಣಿಕನ ದಣಿವನ್ನು ಲೆಕ್ಕಕ್ಕಿಡುವುದು ಅವನದೇ ಕೆಲಸ. ಪ್ರವಾಸದ ಪಟ್ಟಿ ಕೈಗೆ ಬಂದಾಗ ದೇಶಗಳನ್ನೆಣಿಸುವ ಬದಲು ಪ್ರತಿದಿನ ಎಷ್ಟು ಕಿಲೋಮೀಟರ್, ಒಂದೇ ಹೋಟೆಲಿನಲ್ಲಿ ಸತತ ಎಷ್ಟು ರಾತ್ರಿ ಎಂಬ ಎರಡು ಪ್ರಶ್ನೆ ಕೇಳಿ. ಹತ್ತು ದೇಶಗಳ ಪ್ರವಾಸ ಮುಗಿಸಿ ಬಂದ ನಮ್ಮೂರಿನ ವ್ಯಾಪಾರಿಯೊಬ್ಬರು ನನಗೆ ಹೇಳಿದರು: “ಸಾಹೇಬ್ರ, ಹತ್ತು ದೇಶ ನೋಡಿದ್ದು ಖರೆ. ಆದ್ರ ಯಾವುದು ಯಾವ ದೇಶ ಅಂತ ಫೋಟೋ ತಗದ ನೋಡೇ ಹೇಳಬೇಕು ನೋಡ್ರಿ.”

ಬಾಡಿಗೆ ಕಾರನ್ನು ತಾವೇ ಓಡಿಸುವ ಉತ್ಸಾಹ ಈಗ ಹೆಚ್ಚುತ್ತಿದೆ. ಪ್ರಾದೇಶಿಕ ಸಾರಿಗೆ ಕಚೇರಿ ನೀಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಒಂದು ವರ್ಷ ಊರ್ಜಿತವಾಗಿರುತ್ತದೆ. ಬ್ರಿಟನ್, ಜಪಾನ್, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ನಮ್ಮಂತೆಯೇ ರಸ್ತೆಯ ಎಡಬದಿಯಲ್ಲಿ ಓಡಿಸುತ್ತಾರೆ. ಯುರೋಪಿನ ಮುಖ್ಯ ಭೂಭಾಗದಲ್ಲಿ ಬಲಬದಿ. ನಲವತ್ತು ವರ್ಷ ಎಡಬದಿಗೆ ಒಗ್ಗಿದ ಕೈಗೆ ಅರವತ್ತೈದರಲ್ಲಿ ಬಲಬದಿಯ ವೃತ್ತಗಳನ್ನು ಕಲಿಸುವುದು ವಿಹಾರವಲ್ಲ. ಇಟಲಿಯ ಹಳೆಯ ನಗರಗಳ ಒಳಭಾಗಕ್ಕೆ ಅನುಮತಿಯಿಲ್ಲದ ವಾಹನ ಹೊಕ್ಕರೆ ಕ್ಯಾಮೆರಾ ಹಿಡಿಯುತ್ತದೆ. ದಂಡದ ಚೀಟಿ ತಿಂಗಳುಗಳ ಬಳಿಕ ಮನೆಯ ವಿಳಾಸಕ್ಕೆ ಬರುತ್ತದೆ. ಸ್ವಿಟ್ಜರ್ಲೆಂಡಿನ ಹೆದ್ದಾರಿಗೆ 40 ಫ್ರಾಂಕಿನ ವಾರ್ಷಿಕ ಚೀಟಿ ಬೇಕು. ಇವೆಲ್ಲವನ್ನೂ ಒಪ್ಪಿಯೂ ರಸ್ತೆಯೇ ಶ್ರೇಷ್ಠವಾಗುವ ಸಂದರ್ಭಗಳಿವೆ: ನ್ಯೂಜಿಲೆಂಡಿನ ದಕ್ಷಿಣ ದ್ವೀಪ, ಸ್ಕಾಟ್ಲೆಂಡಿನ ಬೆಟ್ಟನಾಡು, ಇಟಲಿಯ ಟಸ್ಕನಿಯ ಹಳ್ಳಿಗಳು. ರೈಲು ಮುಟ್ಟದ, ಮನಸ್ಸು ಬಂದಲ್ಲಿ ನಿಲ್ಲಬೇಕಾದ ಪ್ರದೇಶಗಳಿವು. ನಾಲ್ವರಿದ್ದರೆ ಚಾಲಕನ ಸಮೇತ ಕಾರಿನ ವೆಚ್ಚ ಹಂಚಿಹೋಗುತ್ತದೆ. ಅದೇ ನಿಜವಾದ ಐಷಾರಾಮ.

ಒಂದು ಪ್ರವಾಸದ ಲೆಕ್ಕ

ಇಷ್ಟೂ ಮಾತಿಗೆ ಒಂದು ದೃಷ್ಟಾಂತ ಕೊಡುತ್ತೇನೆ. ನಮ್ಮ ಓಣಿಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರಿಗೆ ಅವರ ಮಗ ಹನ್ನೆರಡು ದಿನಗಳ ಪ್ರವಾಸವನ್ನು ಗೊತ್ತುಪಡಿಸಿದ. ಲಂಡನ್, ಪ್ಯಾರಿಸ್, ಜೂರಿಕ್, ವೆನಿಸ್, ರೋಮ್. ಊರಿಂದೂರಿಗೆ ನಾಲ್ಕು ವಿಮಾನ. ತಂದೆತಾಯಿ ಸುಖವಾಗಿ ಹೋಗಿಬರಲೆಂಬ ಪ್ರೀತಿಯಿಂದಲೇ ಅವನು ಹೆಚ್ಚು ಹಣ ಕೊಟ್ಟು ವಿಮಾನಗಳನ್ನು ಆರಿಸಿದ್ದ. ಮುಖ್ಯೋಪಾಧ್ಯಾಯರ ಪತ್ನಿಗೆ ಎರಡೂ ಮೊಣಕಾಲು ನೋವು. “ಅಣ್ಣಾರ, ನನಗ ಅಲ್ಲಿ ಏನೂ ನೋಡೂದಾಗದಿದ್ದರೂ ನಡೀತದ, ಆದ್ರ ಇವರಿಗೆ ಭಾರ ಆಗಬಾರದು” ಎಂದು ಆಕೆ ಹೇಳಿದ ಮಾತು ನನ್ನನ್ನು ಕಾಗದ-ಪೆನ್ನು ಹಿಡಿದು ಕೂರುವಂತೆ ಮಾಡಿತು. ಜೀವಮಾನದಲ್ಲಿ ಒಮ್ಮೆ ಆಗುವ ಪ್ರವಾಸ. ಅದರಲ್ಲಿ ಒಬ್ಬರು ನೋಡುವವರು, ಇನ್ನೊಬ್ಬರು ಹಿಂದೆ ಬರುವವರು ಎಂದಾಗಬಾರದಷ್ಟೆ.

ನಾವು ಮೂವರೂ ಕೂತು ಪಟ್ಟಿಯನ್ನು ತಿದ್ದಿದೆವು. ಹೋಗುವಾಗ ಪ್ಯಾರಿಸಿಗೆ, ಬರುವಾಗ ರೋಮ್‌ನಿಂದ. ಲಂಡನ್ ಕೈಬಿಟ್ಟೆವು, ಬ್ರಿಟನ್ನಿಗೆ ಬೇರೆ ವೀಸಾ ಬೇಕಿದ್ದ ಖರ್ಚೂ ಉಳಿಯಿತು. ನಡುವಿನ ನಾಲ್ಕು ವಿಮಾನಗಳ ಜಾಗದಲ್ಲಿ ಹಗಲಿನ ರೈಲುಗಳು ಬಂದವು. ಸ್ವಿಟ್ಜರ್ಲೆಂಡಿನಲ್ಲಿ ಒಂದೇ ಊರಿನಲ್ಲಿ ನಾಲ್ಕು ರಾತ್ರಿ. ಫ್ಲಾರೆನ್ಸಿನ ಸುತ್ತಮುತ್ತಲ ಹಳ್ಳಿಗಳಿಗೆ ಚಾಲಕನ ಸಮೇತ ಕಾರು, ಎರಡು ದಿನ. ಹನ್ನೆರಡು ದಿನ ಹದಿನೈದಾಯಿತು. ವಿಮಾನಗಳಲ್ಲಿ ಉಳಿದ ಹಣದ ಬಹುಭಾಗ ಹೆಚ್ಚಿನ ರಾತ್ರಿಗಳ ವಸತಿಗೆ, ಕಾರಿಗೆ ಸರಿಹೋಯಿತು. ಒಟ್ಟು ಖರ್ಚು ಮಗ ಯೋಜಿಸಿದ್ದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಮಗನಿಗೆ ಮೊದಲು ಬೇಸರವಾಯಿತು. ತಾನು ಕೊಡಬಯಸಿದ ಸುಖವನ್ನು ತಂದೆತಾಯಿ ನಿರಾಕರಿಸಿದರೆಂದುಕೊಂಡ. ಅವರು ಮರಳಿ ಬಂದ ಮೇಲೆ ಆಕೆ ಊರಿನ ಹೆಂಗಳೆಯರಿಗೆ ಹೇಳುತ್ತಿದ್ದುದು ಐಫೆಲ್ ಗೋಪುರದ ಸುದ್ದಿಯನ್ನಲ್ಲ. ರೈಲಿನ ಕಿಟಕಿಯಿಂದ ಕಂಡ ಹುಲ್ಲುಗಾವಲು, ಕೊರಳ ಗಂಟೆ ಕಟ್ಟಿದ ದನಗಳು, ಎದುರು ಆಸನದಲ್ಲಿ ಹೆಣಿಗೆ ಹಾಕುತ್ತ ಕುಳಿತಿದ್ದ ಅಜ್ಜಿ, ಇವುಗಳನ್ನು. ಮರುವರ್ಷ ಆಕೆಯ ಎರಡೂ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಇನ್ನು ದೂರದ ಪ್ರವಾಸ ಬೇಡವೆಂದು ಇಬ್ಬರೂ ತೀರ್ಮಾನಿಸಿದ್ದಾರೆ.

ಹೀಗಾಗಿ ನಾನು ಕೇಳಿದವರಿಗೆ ಹೇಳುವ ಸೂತ್ರ ಸರಳ. ಸಮುದ್ರ ದಾಟಲು, ಸಾವಿರ ಕಿಲೋಮೀಟರ್ ಮೀರಿದ ದೂರಕ್ಕೆ ವಿಮಾನ. ನಗರದಿಂದ ನಗರಕ್ಕೆ, ಐದು ಗಂಟೆಯೊಳಗಿನ ಪ್ರಯಾಣಕ್ಕೆ ರೈಲು. ಹಳ್ಳಿಗಾಡಿಗೆ, ಬೆಟ್ಟದ ಸೀಮೆಗೆ ಕಾರು. ಒಬ್ಬರೇ ಹೋಗುವವರಿಗೆ, ಮೊದಲ ಸಲ ಹೋಗುವವರಿಗೆ ನಿಧಾನವಾಗಿ ಸಾಗುವ ತಂಡದ ಬಸ್ಸು. ಮೂರನ್ನೂ ಬೆರೆಸಬಹುದು, ಬೆರೆಸುವುದೇ ಜಾಣತನ. ಸಿದ್ಧ ಪ್ಯಾಕೇಜ್ ಕೊಳ್ಳುವಾಗ ಮೂಲದಲ್ಲೇ ವಸೂಲಾಗುವ ತೆರಿಗೆಯನ್ನು ಆದಾಯ ತೆರಿಗೆ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದೆಂಬುದನ್ನೂ ಪಿಂಚಣಿದಾರರು ನೆನಪಿಡಬೇಕು.

ಇದರ ಜೊತೆಗೆ ಮಕ್ಕಳಿಗೊಂದು ಮಾತು. ತಂದೆತಾಯಿಗೆ ಪ್ರವಾಸದ ಟಿಕೆಟ್ ಕೊಡಿಸುವ ಮುನ್ನ ಅವರು ಎಷ್ಟು ದೂರ ನಡೆಯಬಲ್ಲರು, ಎಷ್ಟು ಭಾರ ಎತ್ತಬಲ್ಲರು, ರಾತ್ರಿ ಎಷ್ಟು ಹೊತ್ತು ಮಲಗಬೇಕು ಎಂಬುದನ್ನು ಅವರನ್ನೇ ಕೇಳಿ ತಿಳಿಯಿರಿ. ಸಂಕೋಚದಿಂದ ಅವರು ಎಲ್ಲಕ್ಕೂ ಆಗಲಿ ಎನ್ನುತ್ತಾರೆ. ಆದ್ದರಿಂದ ಒಮ್ಮೆ ಕೇಳಿದರೆ ಸಾಲದು, ಎರಡು ಸಲ ಕೇಳಬೇಕು.